ಮಾತ್ರೆಯೊಳಗಿನ ‘ನಿಷ್ಕ್ರಿಯ’ ಪುಡಿ: ಫಾರ್ಮಸಿ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಈ ವರ್ಷ ಬಿ.ಫಾರ್ಮ್, ಎಂ.ಫಾರ್ಮ್ ಮುಗಿಸಿ ಕೆಲಸಕ್ಕೆ ಸೇರಲಿರುವ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಹೆಚ್ಚಿನವರನ್ನು ನಾನು ನೋಡಿಲ್ಲ. ನೋಡಿರುವ ಕೆಲವರನ್ನು ನೋಡಿದ್ದು ವೈವಾ ಪರೀಕ್ಷೆಯಲ್ಲಿ, ಮೇಜಿನ ಆಚೆ ಈಚೆ ಕೂತು. ಅಲ್ಲಿ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ: ಎಕ್ಸಿಪಿಯೆಂಟ್ ಎಂದರೇನು? ಉತ್ತರವೂ ತಪ್ಪದೆ ಒಂದೇ: “ಔಷಧ ಗುಣವಿಲ್ಲದ ನಿಷ್ಕ್ರಿಯ ವಸ್ತು, ಸರ್.” ಪುಸ್ತಕದಲ್ಲಿ ಹಾಗೆಯೇ ಬರೆದಿದೆ, ಆದ್ದರಿಂದ ಅಂಕ ಕಡಿಮೆ ಮಾಡಿದವನಲ್ಲ. ಆದರೆ ಮೂವತ್ತೊಂದು ವರ್ಷ ಮಾತ್ರೆ ಮಾಡುವ ಕೆಲಸದಲ್ಲೇ ಕಳೆದ ಮೇಲೆ ಆ ‘ನಿಷ್ಕ್ರಿಯ’ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಕಾರ್ಖಾನೆಯ ಮೊದಲ ದಿನವೇ ಆ ಪದವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ. ಎಲ್ಲ ಎಕ್ಸಿಪಿಯೆಂಟ್‌ಗಳ ಕಥೆ ಹೇಳಲು ಹೊರಟರೆ ಮುಗಿಯುವುದಿಲ್ಲ. ಒಂದೇ ಮನೆತನವನ್ನು ಹಿಡಿದು ಹೇಳುತ್ತೇನೆ. ಅದು ಸೆಲ್ಯುಲೋಸ್ ಮನೆತನ.

ಮೊದಲು ತೂಕದ ಲೆಕ್ಕ ನೋಡೋಣ. ಥೈರಾಯ್ಡ್ ತೊಂದರೆಗೆ ಕೊಡುವ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಮಾತ್ರೆ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿರುತ್ತದೆ. ಆ ಮಾತ್ರೆ 100 ಮಿಲಿಗ್ರಾಂ ತೂಗುವುದಾದರೆ ಅದರಲ್ಲಿ ಔಷಧ ಇರುವುದು ಎರಡು ಸಾವಿರದಲ್ಲಿ ಒಂದು ಪಾಲು. ಉಳಿದ ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಪಾಲೂ ನಾವು ‘ನಿಷ್ಕ್ರಿಯ’ ಎಂದು ಕರೆದು ಲೆಕ್ಕಕ್ಕೆ ಸೇರಿಸದೆ ಬಿಡುವ ಪುಡಿ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಒಬ್ಬ ತಾಯಿ ನುಂಗುವುದು ಬಹುಪಾಲು ಈ ಪುಡಿಯನ್ನೇ. ಆ ಒಂದು ಪಾಲು ಔಷಧ ಪ್ರತಿ ಮಾತ್ರೆಯಲ್ಲೂ ಒಂದೇ ಸಮ ಇರಬೇಕು, ಡಬ್ಬಿಯಲ್ಲಿ ಕೆಡದೆ ಉಳಿಯಬೇಕು, ಹೊಟ್ಟೆಗೆ ಹೋದ ಮೇಲೆ ಹೊತ್ತಿಗೆ ಸರಿಯಾಗಿ ಹೊರಬರಬೇಕು. ಈ ಮೂರೂ ಕೆಲಸ ಆ ಪುಡಿಯ ಮೇಲೆಯೇ ನಿಂತಿವೆ.

‘ನಿಷ್ಕ್ರಿಯ’ ಎಂಬ ಆ ಪದ ಬಂದದ್ದಾದರೂ ಎಲ್ಲಿಂದ? ಅದರಲ್ಲಿ ಒಂದು ಸತ್ಯವಿದೆ, ಅದನ್ನೂ ಹೇಳಬೇಕು. ಅಕ್ಕಿಯ ಗಂಜಿಯೂ ಬತ್ತದ ಹುಲ್ಲೂ ಒಂದೇ ಗ್ಲೂಕೋಸಿನ ಸರಪಳಿಗಳು. ಗಂಜಿಯಲ್ಲಿ ಕೊಂಡಿಗಳು ಒಂದು ಬಗೆಯಲ್ಲಿ ಬಾಗಿವೆ, ಹುಲ್ಲಿನ ಸೆಲ್ಯುಲೋಸಿನಲ್ಲಿ ಇನ್ನೊಂದು ಬಗೆಯಲ್ಲಿ. ಅಷ್ಟೇ ವ್ಯತ್ಯಾಸ. ಗಂಜಿಯ ಕೊಂಡಿ ಕಳಚುವ ಕಿಣ್ವ ನಮ್ಮ ಬಾಯಿಯಲ್ಲೇ ಇದೆ, ಸೆಲ್ಯುಲೋಸಿನ ಕೊಂಡಿ ಕಳಚುವ ಕಿಣ್ವ ನಮ್ಮಲ್ಲಿಲ್ಲ. ಹಸುವಿಗೂ ಸ್ವಂತದ್ದಿಲ್ಲ, ಅದರ ಹೊಟ್ಟೆಯಲ್ಲಿ ಮನೆ ಮಾಡಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಆದ್ದರಿಂದ ಸೆಲ್ಯುಲೋಸ್ ನಮ್ಮ ದೇಹದೊಳಗೆ ಜೀರ್ಣವಾಗದೆ, ರಕ್ತಕ್ಕೆ ಸೇರದೆ, ಬಂದ ದಾರಿಯಲ್ಲಿ ಮುಂದೆ ಹೋಗಿಬಿಡುತ್ತದೆ. ಈ ಒಂದು ಅರ್ಥದಲ್ಲಿ ಅದು ತಟಸ್ಥ. ಆ ತಟಸ್ಥತೆಯೇ ಅದರ ದೊಡ್ಡ ಗುಣ. ಅದನ್ನು ನಾವು ‘ಏನೂ ಮಾಡದ ವಸ್ತು’ ಎಂದು ಓದಿಕೊಂಡದ್ದು ತಪ್ಪು.

ಸಸ್ಯಗಳ ಗೋಡೆಯಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿ ಗುರುತಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್, 1838ರಲ್ಲಿ. ಒತ್ತಿ ಮಾಡುವ ಮಾತ್ರೆ ಹುಟ್ಟಿದ್ದು ಅದಾಗಿ ಐದು ವರ್ಷಕ್ಕೆ. ಇಂಗ್ಲೆಂಡಿನ ವಿಲಿಯಂ ಬ್ರಾಕ್ಡನ್ 1843ರಲ್ಲಿ ಅಚ್ಚಿನೊಳಗೆ ಪುಡಿಯನ್ನು ಒತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆತ ಚಿತ್ರಕಾರ, ಪೆನ್ಸಿಲ್ಲಿಗೆ ಒಳ್ಳೆಯ ಸೀಸ ಸಿಗಲೆಂದು ಹುಡುಕುತ್ತಿದ್ದವನು. ಆದರೆ ಸೆಲ್ಯುಲೋಸೂ ಮಾತ್ರೆಯೂ ಒಂದನ್ನೊಂದು ಸಂಧಿಸಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1955ರಲ್ಲಿ ಅಮೆರಿಕದ ರೇಯಾನ್ ನೂಲು ತಯಾರಿಸುವ ಅಮೆರಿಕನ್ ವಿಸ್ಕೋಸ್ ಎಂಬ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಲಾಂಡೊ ಬಟಿಸ್ಟಾ ಮತ್ತು ಪೆಟ್ರೀಷಿಯಾ ಸ್ಮಿತ್ ಅವರಿಗೆ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಸಿಕ್ಕಿತು. ನಾವೆಲ್ಲ ಎಂಸಿಸಿ ಎನ್ನುವುದು ಇದನ್ನೇ. ಅರವತ್ತರ ದಶಕದಲ್ಲಿ ಅದು ಅವಿಸೆಲ್ ಎಂಬ ಹೆಸರಿನಲ್ಲಿ ಮಾತ್ರೆ ಕಾರ್ಖಾನೆಗಳಿಗೆ ಬಂತು.

ಅದನ್ನು ಮಾಡುವ ಬಗೆ ಕೇಳಲು ಸರಳ. ಮರದ ಶುದ್ಧ ತಿರುಳನ್ನು ಬಿಸಿ ಆಮ್ಲದಲ್ಲಿ ಇಡುತ್ತಾರೆ. ಸೆಲ್ಯುಲೋಸ್ ನಾರಿನಲ್ಲಿ ಎಳೆಗಳು ಒತ್ತೊತ್ತಾಗಿ ಜೋಡಿಸಿಕೊಂಡ ಭಾಗಗಳಿರುತ್ತವೆ, ಅಡ್ಡಾದಿಡ್ಡಿ ಸಡಿಲವಾಗಿರುವ ಭಾಗಗಳೂ ಇರುತ್ತವೆ. ಆಮ್ಲ ಸಡಿಲವಾದದ್ದನ್ನು ತಿಂದುಹಾಕುತ್ತದೆ, ಒತ್ತಾದ ಹರಳಿನಂಥ ಭಾಗ ಉಳಿಯುತ್ತದೆ. ತೊಳೆದು, ಆಮ್ಲ ಕಳೆದು, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದರೆ ಎಂಸಿಸಿ. 101 ಎಂಬ ದರ್ಜೆಯ ಕಣ ಸರಾಸರಿ 50 ಮೈಕ್ರಾನ್, 102 ಎಂಬುದು 100 ಮೈಕ್ರಾನ್. ಕೆಲಸಕ್ಕೆ ಸೇರಿದ ಮೇಲೆ ಎರಡನ್ನೂ ಬೆರಳಿನ ನಡುವೆ ಉಜ್ಜಿ ನೋಡಿ. ನನ್ನ ಕಾಲದ ಆಪರೇಟರುಗಳು ಚೀಟಿ ನೋಡದೆ ಬೆರಳಿನಿಂದಲೇ ದರ್ಜೆ ಹೇಳುತ್ತಿದ್ದರು.

ಎಂಸಿಸಿ ಬಂದದ್ದರಿಂದ ಏನಾಯಿತು ಎನ್ನುವುದು ನಮ್ಮ ಅಡುಗೆಮನೆ ಗೊತ್ತಿರುವವರಿಗೆ ಬೇಗ ತಿಳಿಯುತ್ತದೆ. ತಂಬಿಟ್ಟಿನ ಹಿಟ್ಟು ತಾನಾಗಿ ಉಂಡೆಯಾಗುವುದಿಲ್ಲ. ಬೆಲ್ಲದ ಪಾಕ ಬೇಕು. ಮೊದಲು ಮಾತ್ರೆಯದ್ದೂ ಇದೇ ಪಾಡಾಗಿತ್ತು. ಔಷಧದ ಪುಡಿಗೆ ಗಂಜಿಯ ಅಂಟು ಹಾಕಿ ಕಲಸಿ, ಜರಡಿ ಹಿಡಿದು, ಒಣಗಿಸಿ, ಮತ್ತೆ ಪುಡಿ ಮಾಡಿ, ಆಮೇಲೆ ಒತ್ತಬೇಕಿತ್ತು. ಎಂಸಿಸಿ ಪಾಕವಿಲ್ಲದೆ ಉಂಡೆ ಕಟ್ಟುವ ಹಿಟ್ಟು. ಪಂಚ್ ಮೇಲಿಂದ ಬಂದು ಒತ್ತಿದಾಗ ಅದರ ಕಣ ಒಡೆಯುವುದಿಲ್ಲ, ಹಿಟ್ಟಿನ ಮುದ್ದೆಯಂತೆ ಚಪ್ಪಟೆಯಾಗಿ ಪಕ್ಕದ ಕಣಕ್ಕೆ ಅಂಟಿಕೊಳ್ಳುತ್ತದೆ. ಸೆಲ್ಯುಲೋಸ್ ಎಳೆಗಳ ಮೈತುಂಬ ಇರುವ ಹೈಡ್ರಾಕ್ಸಿಲ್ ಗುಂಪುಗಳು ಒಂದನ್ನೊಂದು ಕೈಹಿಡಿಯುತ್ತವೆ. ಕಲಸುವುದು, ಒಣಗಿಸುವುದು ಎಲ್ಲ ತಪ್ಪಿ, ಬೆರೆಸಿ ನೇರ ಒತ್ತುವ ಡೈರೆಕ್ಟ್ ಕಂಪ್ರೆಷನ್ ಎಷ್ಟೋ ಔಷಧಗಳಿಗೆ ಸಾಧ್ಯವಾಯಿತು. ನೀರು ಸೋಕಿದರೆ ಕೆಡುವ ಔಷಧಗಳಿಗೆ ಇದು ದೊಡ್ಡ ವರ.

ಈ ಗುಣದ ಇನ್ನೊಂದು ಮಗ್ಗುಲನ್ನು ನಾನು ಕಲಿತದ್ದು ನಷ್ಟ ಮಾಡಿ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆ. ರಕ್ತದೊತ್ತಡದ ಒಂದು ಮಾತ್ರೆ, ಅರ್ಧಕ್ಕಿಂತ ಹೆಚ್ಚು ಎಂಸಿಸಿ. ಸಣ್ಣ ಬ್ಯಾಚುಗಳಲ್ಲಿ ಸೊಗಸಾಗಿ ಬಂದಿತ್ತು. ದೊಡ್ಡ ಬ್ಯಾಚಿನ ದಿನ ಎಲ್ಲ ಬೆರೆಸಿ ಕೊನೆಗೆ ಮೆಗ್ನೀಸಿಯಂ ಸ್ಟಿಯರೇಟ್ ಹಾಕಿದೆವು. ಪುಡಿ ಪಂಚಿಗೆ ಅಂಟದಿರಲೆಂದು ಹಾಕುವ ನುಣುಪಿನ ವಸ್ತು ಅದು. ಐದೇ ನಿಮಿಷ ಬೆರೆಸಬೇಕೆಂದು ಬ್ಯಾಚ್ ರೆಕಾರ್ಡಿನಲ್ಲಿತ್ತು. ಅಷ್ಟರಲ್ಲಿ ಕಂಪ್ರೆಷನ್ ಕೊಠಡಿಯ ಯಂತ್ರ ಕೈಕೊಟ್ಟಿತು ಎಂದು ಕರೆ ಬಂತು. ಬ್ಲೆಂಡರ್ ನಿಲ್ಲಿಸದೆ ನಾನು ಅತ್ತ ಓಡಿದೆ. ಬರುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಜಾಸ್ತಿ ಬೆರೆತರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಮಾರನೆಯ ದಿನ ಒತ್ತಿದರೆ 8 ಕೆಜಿ ಬರಬೇಕಾದ ಹಾರ್ಡ್‌ನೆಸ್ 3 ದಾಟಲಿಲ್ಲ. ಎಷ್ಟು ಒತ್ತಡ ಏರಿಸಿದರೂ ಇಲ್ಲ. ಫ್ರೈಯಬಿಲಿಟಿ ಡ್ರಮ್ಮಿನಲ್ಲಿ ನೂರು ಸುತ್ತು ಹಾಕಿದ ಮೇಲೆ ತೂಕ ಕಳೆಯಬೇಕಾದದ್ದು ಹೆಚ್ಚೆಂದರೆ ನೂರಕ್ಕೆ ಒಂದು, ನಮ್ಮ ಮಾತ್ರೆಗಳು ಅಂಚೆಲ್ಲ ಉದುರಿ ಅರ್ಧ ಚಂದ್ರರಾಗಿ ಹೊರಬಂದವು.

ಆಗಿದ್ದು ಇಷ್ಟೇ. ಅರ್ಧ ಗಂಟೆ ಉರುಳಾಡಿದ ಸ್ಟಿಯರೇಟ್ ಒಂದೊಂದು ಎಂಸಿಸಿ ಕಣದ ಮೈಗೂ ತೆಳ್ಳಗೆ ಮೇಣದಂತೆ ಸವರಿಕೊಂಡಿತ್ತು. ಲ್ಯಾಕ್ಟೋಸ್, ಕ್ಯಾಲ್ಸಿಯಂ ಫಾಸ್ಫೇಟಿನಂಥವು ಒತ್ತಿದಾಗ ಚೂರಾಗುತ್ತವೆ. ಆಗ ಮೇಣ ಸೋಕದ ಹೊಸ ಮುಖಗಳು ತೆರೆದು ಅಲ್ಲಿ ಬೆಸುಗೆ ಆಗುತ್ತದೆ. ಎಂಸಿಸಿ ಒಡೆಯುವುದಿಲ್ಲವಲ್ಲ, ಬಾಗುತ್ತದೆ. ಜಿಡ್ಡು ಸವರಿದ ಮುಖವೇ ಜಿಡ್ಡು ಸವರಿದ ಮುಖಕ್ಕೆ ತಾಗುತ್ತದೆ, ಕೈ ಕೈ ಹಿಡಿಯುವುದಿಲ್ಲ. ಇಡೀ ಬ್ಯಾಚ್ ಹೋಯಿತು. ಆ ರೆಕಾರ್ಡಿನಲ್ಲಿ ನನ್ನ ಸಹಿ ಇದೆ. ನಿಷ್ಕ್ರಿಯ ವಸ್ತುವೊಂದು ಇನ್ನೊಂದು ನಿಷ್ಕ್ರಿಯ ವಸ್ತುವಿನೊಡನೆ ಅರ್ಧ ಗಂಟೆ ಸೇರಿದ್ದರಿಂದ ಆದ ಅನಾಹುತ ಅದು. ಆ ದಿನದಿಂದ ಆ ಪದವನ್ನು ನಾನು ಬಳಸಿಲ್ಲ.

ಯಂತ್ರದ ವೇಗವನ್ನೂ ಎಂಸಿಸಿ ಲೆಕ್ಕ ಇಡುತ್ತದೆ. ಪಂಚ್ ಒಂದು ಕ್ಷಣ ಹೆಚ್ಚು ತಡೆದು ಒತ್ತಿದರೆ ಗಟ್ಟಿ, ವೇಗವಾಗಿ ಒತ್ತಿ ಎದ್ದರೆ ಸಡಿಲ. ಅದರಲ್ಲಿ ಸಹಜವಾಗಿರುವ ನೂರಕ್ಕೆ ಮೂರರಿಂದ ಐದು ಪಾಲು ನೀರೂ ಬೆಸುಗೆಗೆ ನೆರವಾಗುತ್ತದೆ. ಅದೇ ನೀರು ಆಸ್ಪಿರಿನ್‌ನಂಥ ಔಷಧವನ್ನು ಒಡೆದು ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರಿಸಲೂಬಹುದು. ಅದಕ್ಕೇ ತೇವ ಕಡಿಮೆಯಿರುವ ಬೇರೆ ದರ್ಜೆಗಳಿವೆ. ಮಳೆಗಾಲದ ಮಂಗಳೂರಿನಲ್ಲಿ ತೆರೆದಿಟ್ಟ ಚೀಲಕ್ಕೂ ಬೇಸಿಗೆಯ ಬೀದರಿನಲ್ಲಿ ತೆರೆದಿಟ್ಟ ಚೀಲಕ್ಕೂ ಹೆಸರು ಒಂದೇ, ಸ್ವಭಾವ ಬೇರೆ.

ಇಷ್ಟು ಗಟ್ಟಿಯಾಗಿ ಕಟ್ಟಿದ ಮಾತ್ರೆ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳಲೂ ಬೇಕು. ಅದಕ್ಕೆ ಅದೇ ಮನೆತನದ ಇನ್ನೊಬ್ಬರನ್ನು ಕರೆಯುತ್ತೇವೆ. ಹಂಪಿಯ ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕ ಕುಳಿಗಳನ್ನು ನೋಡಿದ್ದೀರಲ್ಲವೇ? ಆ ಕುಳಿಗಳಿಗೆ ಒಣ ಮರದ ಬೆಣೆ ಹೊಡೆದು ನೀರುಣಿಸಿ, ಮರ ಉಬ್ಬುವ ಬಲದಿಂದಲೇ ಬಂಡೆ ಸೀಳುತ್ತಿದ್ದರೆಂದು ಹೇಳುತ್ತಾರೆ. ಕ್ರಾಸ್‌ಕಾರ್ಮೆಲೋಸ್ ಸೋಡಿಯಂ ಮಾಡುವುದೂ ಇದನ್ನೇ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸಿನ ಎಳೆಗಳನ್ನು ಒಂದಕ್ಕೊಂದು ಅಡ್ಡ ಕಟ್ಟಿಹಾಕಿದ್ದರಿಂದ ಅದು ನೀರಿನಲ್ಲಿ ಕರಗಲಾರದು. ನೀರನ್ನು ಒಳಗೆಳೆದುಕೊಂಡು ಉಬ್ಬುತ್ತದೆ, ಮಾತ್ರೆ ಒಳಗಿನಿಂದ ಸಿಡಿದು ಚೂರಾಗುತ್ತದೆ. ನೂರಕ್ಕೆ ಎರಡೋ ಮೂರೋ ಪಾಲು ಸಾಕು. ಇದಕ್ಕೂ ಸ್ವಭಾವವುಂಟು: ಆಮ್ಲದಲ್ಲಿ ಉಬ್ಬುವುದು ಕಡಿಮೆ, ಕೆಲವು ಕ್ಷಾರೀಯ ಔಷಧಗಳನ್ನು ತನ್ನ ಮೈಗೆ ಹಿಡಿದುಕೊಳ್ಳುವುದೂ ಉಂಟು.

ಇನ್ನು ಎಚ್‌ಪಿಎಂಸಿ. ಔಷಧ ಸಂಹಿತೆಯಲ್ಲಿ ಇದರ ಹೆಸರು ಹೈಪ್ರೊಮೆಲೋಸ್. ಮಾತ್ರೆಯ ಮೇಲಿನ ಬಣ್ಣದ ತೆಳು ಹೊದಿಕೆಯೂ ಇದೇ, ಹನ್ನೆರಡು ಗಂಟೆ ಔಷಧ ಬಿಡುತ್ತ ಕೂರುವ ಎಸ್‌ಆರ್ ಮಾತ್ರೆಯ ಒಡಲೂ ಇದೇ. ಬಿಸಿನೀರಿನಲ್ಲಿ ಕರಗದೆ ತಣ್ಣೀರಿನಲ್ಲಿ ಕರಗುವ ವಿಚಿತ್ರ ವಸ್ತು. ಹೊಸಬರು ಸಕ್ಕರೆಯಂತೆ ತಣ್ಣೀರಿಗೆ ಒಮ್ಮೆಲೇ ಸುರಿಯುತ್ತಾರೆ. ಹೊರಗೆ ಲೋಳೆ, ಒಳಗೆ ಒಣ ಪುಡಿಯ ಗಂಟುಗಳಾಗಿ ಇಡೀ ಪಾಳಿ ಕಲಕಿದರೂ ಬಿಡುವುದಿಲ್ಲ. ಮೊದಲು ಬಿಸಿನೀರಿನಲ್ಲಿ ಹರಡಿ, ಆಮೇಲೆ ತಣ್ಣೀರು ಸೇರಿಸಬೇಕು. ಕೆ4ಎಂ, ಕೆ100ಎಂ ಎಂಬ ಎರಡು ದರ್ಜೆಗಳ ಚೀಲ ಬಿಚ್ಚಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ನೂರಕ್ಕೆ ಎರಡರಂತೆ ನೀರಿನಲ್ಲಿ ಕರಗಿಸಿದಾಗ ಒಂದರ ಸ್ನಿಗ್ಧತೆ ಸುಮಾರು 4,000, ಇನ್ನೊಂದರದ್ದು 1,00,000 ಮಿಲಿಪಾಸ್ಕಲ್ ಸೆಕೆಂಡ್. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಹೊರಗಿನಿಂದ ಅದೇ ಮಾತ್ರೆ, ಒಳಗೆ ಬೇರೆಯದೇ ಗಡಿಯಾರ.

ಈ ಗಡಿಯಾರದ ವಿಷಯದಲ್ಲಿ ನನ್ನ ಸೋದರತ್ತೆಯ ಕಥೆ ಹೇಳಲೇಬೇಕು. ತಿಪಟೂರಿನ ಹತ್ತಿರದ ಹಳ್ಳಿಯವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಫೋನ್ ಮಾಡಿದರು. “ಈ ಮಾತ್ರೆ ಹೊಟ್ಟೇಲಿ ಕರಗ್ತಾನೇ ಇಲ್ಲ ಕಣಪ್ಪ. ನುಂಗಿದ್ದು ನುಂಗಿದ ಹಾಗೇ ಆಚೆ ಬರ್ತಿದೆ. ದುಡ್ಡು ದಂಡ ಅಂತ ಮೂರು ವಾರ ನಿಲ್ಸೇ ಬಿಟ್ಟಿದ್ದೆ.” ಆಮೇಲೆ ಔಷಧದಂಗಡಿಯಲ್ಲಿ ಕೇಳಿದ್ದಾರೆ. “ಹಾಗಾದ್ರೆ ಕುಟ್ಟಿ ಪುಡಿ ಮಾಡಿ ತಗೊಳ್ಳಿ ಅಜ್ಜಿ” ಅಂದಿದ್ದಾರೆ. ಸೊಸೆ ದಿನಾ ಕುಟ್ಟಾಣಿಯಲ್ಲಿ ಕುಟ್ಟಿ ಮಜ್ಜಿಗೆಯಲ್ಲಿ ಕದಡಿ ಕೊಟ್ಟಿದ್ದಾಳೆ. ಅತ್ತೆಗೆ ಹೊಟ್ಟೆ ತೊಳಸಿ, ಭೇದಿಯಾಗಿ, ಊಟ ಸೇರದೆ ಆಗಿದೆ.

ಅವರಿಗೆ ನಾನು ಕಾಮಕಸ್ತೂರಿ ಬೀಜದ ಹೋಲಿಕೆ ಕೊಟ್ಟೆ. ನೀರಿಗೆ ಹಾಕಿದರೆ ಬೀಜದ ಸುತ್ತ ಲೋಳೆ ಕಟ್ಟುತ್ತದಲ್ಲ, ಹಾಗೆ ಈ ಮಾತ್ರೆಯ ಸುತ್ತಲೂ ಲೋಳೆ ಕಟ್ಟುತ್ತದೆ. ಔಷಧ ಆ ಲೋಳೆಯನ್ನು ದಾಟಿ ನಿಧಾನವಾಗಿ ಗಂಟೆಗಟ್ಟಲೆ ಹೊರಬರುತ್ತದೆ. ಎಲ್ಲ ಬಂದಾದ ಮೇಲೆ ಉಳಿದ ಮೆತ್ತನೆಯ ಮುದ್ದೆ ಮಾತ್ರೆಯ ಆಕಾರದಲ್ಲೇ ಆಚೆ ಹೋಗಬಹುದು. ನೀವು ನೋಡಿದ್ದು ಖಾಲಿ ಚೀಲ ಅತ್ತೆ, ಕಾಳು ಒಳಗೇ ಇಳಿದಿದೆ. ಕುಟ್ಟಿದರೆ ಮಾತ್ರ ಇಡೀ ದಿನಕ್ಕೆಂದು ಇಟ್ಟದ್ದು ಒಂದೇ ಸಲ ಹೊಟ್ಟೆಗೆ ಬೀಳುತ್ತದೆ. ಅವರಿಗೆ ತಕ್ಷಣ ಅರ್ಥವಾಯಿತು. ಅಂಗಡಿಯಲ್ಲಿ ಎರಡು ಮಾತು ಹೇಳಿದ್ದರೆ ಮೂರು ವಾರ ಸಕ್ಕರೆ ಏರುತ್ತಿರಲಿಲ್ಲ. ಇದು ಹೊಸ ಸಂಗತಿಯೂ ಅಲ್ಲ. ಮೆಟ್‌ಫಾರ್ಮಿನ್ ಎಕ್ಸ್‌ಆರ್‌ನ ಅಮೆರಿಕದ ಮೂಲ ಲೇಬಲ್ಲಿನಲ್ಲೇ ಈ ಮುದ್ದೆಯ ಮಾತಿದೆ. ಸೆಲ್ಯುಲೋಸ್ ಅಸಿಟೇಟ್ ಪೊರೆಗೆ ಲೇಸರ್‌ನಿಂದ ಸೂಜಿಮೊನೆಯಷ್ಟು ತೂತು ಕೊರೆದು ಮಾಡುವ ನಿಫೆಡಿಪಿನ್ ಮಾತ್ರೆಯ ಚಿಪ್ಪೂ ಹೀಗೆಯೇ ಇಡಿಯಾಗಿ ಹೊರಬರುತ್ತದೆ. ನಿಮ್ಮಲ್ಲಿ ಅರ್ಧದಷ್ಟು ಜನ ಕಾರ್ಖಾನೆಗಲ್ಲ, ಕೌಂಟರಿನ ಹಿಂದೆ ನಿಲ್ಲಲು ಹೋಗುವವರು. ಈ ಪ್ಯಾರಾ ಮುಖ್ಯವಾಗಿ ನಿಮಗೆ.

‘ನಿಷ್ಕ್ರಿಯ’ವನ್ನು ಬದಲಿಸಿದರೆ ಏನಾದೀತು ಎಂಬ ಉಡಾಫೆಗೆ ನಮ್ಮ ವೃತ್ತಿಯ ಇತಿಹಾಸದಲ್ಲಿ ಒಂದು ಪಾಠವಿದೆ. 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮೂರ್ಛೆರೋಗಕ್ಕೆ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳು ಇದ್ದಕ್ಕಿದ್ದಂತೆ ತೂರಾಡತೊಡಗಿದರು. ರಕ್ತದಲ್ಲಿ ಔಷಧದ ಮಟ್ಟ ವಿಷವಾಗುವಷ್ಟು ಏರಿತ್ತು. ಡೋಸ್ ಬದಲಾಗಿರಲಿಲ್ಲ. ಕ್ಯಾಪ್ಸೂಲಿನಲ್ಲಿ ತುಂಬುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬದಲಿಗೆ ತಯಾರಕರು ಲ್ಯಾಕ್ಟೋಸ್ ಹಾಕಿದ್ದರು, ಅಷ್ಟೇ. ಅದಕ್ಕೂ ಮೊದಲು, 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಔಷಧದಿಂದಲ್ಲ, ಅದನ್ನು ಕರಗಿಸಲು ಬಳಸಿದ ಡೈಎಥಿಲೀನ್ ಗ್ಲೈಕಾಲ್‌ನಿಂದ. 2019–20ರಲ್ಲಿ ಜಮ್ಮುವಿನ ರಾಮನಗರದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳನ್ನು ಕೊಂದದ್ದೂ ಅದೇ ವಿಷ. ಸೆಲ್ಯುಲೋಸ್ ಅಂಥ ವಿಷವಲ್ಲ. ಆದರೆ ಈಗ ನೈಟ್ರೋಸಮೈನ್ ಹುಡುಕುವ ಕಾಲ. ಎಕ್ಸಿಪಿಯೆಂಟ್‌ಗಳಲ್ಲಿ ಹತ್ತು ಲಕ್ಷಕ್ಕೆ ಒಂದೆರಡು ಪಾಲು ಉಳಿದ ನೈಟ್ರೈಟ್ ಕೂಡ ಕೆಲವು ಅಮೈನ್ ಔಷಧಗಳೊಡನೆ ಸೇರಿ ಕ್ಯಾನ್ಸರ್‌ಕಾರಕ ಕಲ್ಮಶವಾಗಬಲ್ಲದು. ಒಬ್ಬ ಸರಬರಾಜುದಾರನ ಬದಲು ಇನ್ನೊಬ್ಬನಿಂದ, ಕಿಲೋಗೆ ನಾಲ್ಕು ರೂಪಾಯಿ ಉಳಿಯುತ್ತದೆಂದು ತರಿಸಿದ ಎಂಸಿಸಿಯ ಕಾಗದದಲ್ಲಿ ಎಲ್ಲ ಪರೀಕ್ಷೆಗಳಿಗೂ ‘ಪಾಸ್’ ಎಂದಿದ್ದಾಗಲೂ ನೀವು ಕೇಳಬೇಕಾದ ಪ್ರಶ್ನೆಗಳು ಉಳಿದಿರುತ್ತವೆ.

ಈ ಬಿಳಿ ಪುಡಿಗೆ ಒಂದು ನೆಲವೂ ಉಂಟು. ಎಂಸಿಸಿ ಹುಟ್ಟಿದ್ದು ರೇಯಾನ್ ಕಂಪನಿಯಲ್ಲಿ ಎಂದೆನಲ್ಲ. ರೇಯಾನಿಗೂ ಮಾತ್ರೆಗೂ ಬೇಕಾದದ್ದು ಮರದಿಂದ ತೆಗೆದ ಒಂದೇ ಜಾತಿಯ ಅತಿಶುದ್ಧ ತಿರುಳು. ನಮ್ಮ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, ನೀಲಗಿರಿ ಮರದಿಂದ ರೇಯಾನ್ ತಿರುಳು ತೆಗೆಯುವ ಕಾರ್ಖಾನೆ ಎಪ್ಪತ್ತರ ದಶಕದಿಂದ ಇದೆ. ಆ ತಿರುಳಿಗಾಗಿ ಊರ ಗೋಮಾಳಗಳಲ್ಲಿ ನೀಲಗಿರಿ ನೆಟ್ಟಾಗ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸಸಿ ಕಿತ್ತು ತಮಗೆ ಬೇಕಾದ ಹಣ್ಣು, ಮೇವು, ಸೌದೆಯ ಗಿಡ ನೆಟ್ಟರು. ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ಎಂದು ಅದು ಹೆಸರಾಯಿತು. ಅಲ್ಲಿನ ತಿರುಳು ಹೋಗುವುದು ಬಟ್ಟೆಗೆ, ನಮ್ಮ ಮಾತ್ರೆಗಲ್ಲ. ಆದರೂ ಇದನ್ನು ನೆನಪಿಸುತ್ತಿದ್ದೇನೆ. ಗೋದಾಮಿನಲ್ಲಿ ಪೇರಿಸಿದ ಚೀಲದ ಹಿಂದೆ ಎಲ್ಲೋ ಒಂದು ಕಾಡು, ಒಂದು ಹೊಳೆ, ಅದರ ದಡದ ಜನ ಇದ್ದೇ ಇರುತ್ತಾರೆ. ನಮ್ಮ ಪಠ್ಯದಲ್ಲಿ ಅವರ ಮಾತೇ ಬರುವುದಿಲ್ಲ.

ಈಗ, ಈ ಪತ್ರ ಬರೆಯಲು ಕೂತದ್ದರ ನಿಜವಾದ ಕಾರಣಕ್ಕೆ ಬರುತ್ತೇನೆ.

2025ರ ಜೂನ್ 30, ಸೋಮವಾರ ಬೆಳಿಗ್ಗೆ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಪಾಶಮೈಲಾರಂ ಕೈಗಾರಿಕಾ ಪ್ರದೇಶ. ನಮ್ಮ ಬೀದರ್, ಕಲಬುರಗಿಯ ಎಷ್ಟೋ ಹುಡುಗರು ಔಷಧ ಕಂಪನಿಗಳ ಕೆಲಸ ಹುಡುಕಿಕೊಂಡು ಹೋಗುವ ಹೈದರಾಬಾದ್ ದಾರಿಯಲ್ಲೇ ಇದೆ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸ್ಫೋಟವಾಯಿತು, ಕಟ್ಟಡ ಕುಸಿಯಿತು, ಬೆಂಕಿ ಹೊತ್ತಿತು. ನಲವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹೆಚ್ಚಿನವರು ಬಿಹಾರ, ಒಡಿಶಾ, ಉತ್ತರ ಪ್ರದೇಶದಂಥ ದೂರದ ರಾಜ್ಯಗಳಿಂದ ದುಡಿಮೆಗೆ ಬಂದವರು. ಎಷ್ಟೋ ದೇಹಗಳನ್ನು ಡಿಎನ್‌ಎ ಪರೀಕ್ಷೆಯಿಂದಲೇ ಗುರುತಿಸಬೇಕಾಯಿತು. ಕೆಲವರ ದೇಹ ಸಿಗಲೇ ಇಲ್ಲ.

ಆ ಕಾರ್ಖಾನೆ ತಯಾರಿಸುತ್ತಿದ್ದುದು ಎಂಸಿಸಿ.

ಸುದ್ದಿ ನೋಡುತ್ತ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಮೂವತ್ತೊಂದು ವರ್ಷ ನನ್ನ ಬೆರಳುಗಳ ನಡುವೆ ಉಜ್ಜಿದ ಪುಡಿ ಅದು. ವೈವಾದಲ್ಲಿ ‘ನಿಷ್ಕ್ರಿಯ’ ಎಂಬ ಉತ್ತರಕ್ಕೆ ಅಂಕ ಕೊಟ್ಟದ್ದೂ ಅದಕ್ಕೇ.

ಅಲ್ಲಿ ಕಿಡಿ ಹೊತ್ತಿದ್ದು ಹೇಗೆ, ಹೊಣೆ ಯಾರದು ಎನ್ನುವುದು ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟ ವಿಷಯ. ನಾನು ಹೇಳಬಲ್ಲದ್ದು ಪುಡಿಯ ಸ್ವಭಾವ. ಮರದ ದಿಮ್ಮಿ ನಿಧಾನವಾಗಿ ಉರಿಯುತ್ತದೆ. ಅದೇ ಮರ ಕೂದಲೆಳೆಗಿಂತ ಸಣ್ಣ ಕಣವಾಗಿ ಗಾಳಿಯಲ್ಲಿ ಮೋಡದಂತೆ ತೇಲುತ್ತಿದ್ದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ. ಒಂದು ಕಿಡಿ ಸಾಕು, ಇಡೀ ಮೋಡ ಒಮ್ಮೆಗೇ ಉರಿಯುತ್ತದೆ. ಮುಚ್ಚಿದ ಡ್ರೈಯರಿನಲ್ಲೋ ಕೊಳವೆಯಲ್ಲೋ ಕೊಠಡಿಯಲ್ಲೋ ಹಾಗಾದರೆ ಅದೇ ಸ್ಫೋಟ. ಹಿಟ್ಟಿನ ಗಿರಣಿಗಳಲ್ಲಿ ಆಗಿದೆ, ಸಕ್ಕರೆಯಲ್ಲಿ ಆಗಿದೆ. 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸಕ್ಕರೆ ಧೂಳು ಸಿಡಿದು 14 ಮಂದಿ ಸತ್ತರು. ಮೊದಲ ಸಣ್ಣ ಸ್ಫೋಟ ತೊಲೆಗಳ ಮೇಲೆ, ಕೇಬಲ್ ತಟ್ಟೆಗಳ ಮೇಲೆ ತಿಂಗಳುಗಟ್ಟಲೆ ಕೂತ ಧೂಳನ್ನು ಎಬ್ಬಿಸುತ್ತದೆ. ಜೀವ ತೆಗೆಯುವುದು ಹೆಚ್ಚಾಗಿ ಆಮೇಲೆ ಬರುವ ಎರಡನೆಯ ದೊಡ್ಡ ಸ್ಫೋಟ.

ಇದು ಪುಡಿ ತಯಾರಿಸುವವರ ಸಮಸ್ಯೆ, ಮಾತ್ರೆ ಮಾಡುವವರದ್ದಲ್ಲ ಎಂದುಕೊಳ್ಳಬೇಡಿ. ನಿಮ್ಮ ಬ್ಲೆಂಡರಿಗೆ ಚೀಲ ಸುರಿಯುವಾಗ ಏಳುವುದು ಇದೇ ಮೋಡ. ಬೇಸಿಗೆಯ ಒಣ ಹವೆಯಲ್ಲಿ ಪ್ಲಾಸ್ಟಿಕ್ ಲೈನರನ್ನು ಸರ್ರನೆ ಎಳೆದಾಗ ಚಟಪಟ ಎನ್ನುವ ಆ ಸ್ಥಾಯಿ ವಿದ್ಯುತ್ತೂ ಕಿಡಿಯೇ. ಯಂತ್ರಕ್ಕೆ ಅರ್ತಿಂಗ್ ತಂತಿ ಜೋಡಿಸಿದೆಯೇ, ಅದು ಬಣ್ಣ ಬಳಿದ ಬೋಲ್ಟಿನ ಮೇಲೆ ಸುಮ್ಮನೆ ನೇತಾಡುತ್ತಿದೆಯೇ ಎಂದು ಬಗ್ಗಿ ನೋಡುವುದು ಮೆಂಟೆನೆನ್ಸ್‌ನವರ ಕೆಲಸ ಎಂದು ನಾನೂ ನನ್ನ ಓರಗೆಯವರೂ ಎಷ್ಟೋ ವರ್ಷ ಅಂದುಕೊಂಡಿದ್ದೆವು. ಆ ಕೊಠಡಿಯಲ್ಲಿ ಚೀಲ ಹೊತ್ತು ಸುರಿಯುವ ಹುಡುಗನಿಗೆ ಹೈಡ್ರಾಕ್ಸಿಲ್ ಗುಂಪು ಗೊತ್ತಿಲ್ಲ. ನಿಮಗೆ ಗೊತ್ತು. ಅವನಿಗೆ ಹೇಳಬೇಕಾದವರು ನೀವು.

ಆದ್ದರಿಂದ ಕೆಲವು ಕೋರಿಕೆಗಳು. ನೀವು ಬರೆಯುವ ಪ್ರತಿ ಫಾರ್ಮುಲಾದಲ್ಲಿ ಪ್ರತಿ ಎಕ್ಸಿಪಿಯೆಂಟಿನ ಎದುರೂ ಅದು ಅಲ್ಲಿ ಏಕಿದೆ, ಆ ಪ್ರಮಾಣವೇ ಏಕೆ ಎಂದು ಒಂದು ಸಾಲು ಬರೆಯಿರಿ. ‘ಕ್ಯೂ.ಎಸ್.’ ಎಂದು ಹಾಕಿ ಕೈತೊಳೆದುಕೊಳ್ಳಬೇಡಿ. ದರ್ಜೆಯನ್ನು ಹೆಸರಿನ ಜೊತೆಗೇ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಬ್ಲೆಂಡರ್ ತಿರುಗುತ್ತಿರುವಾಗ ಯಾರು ಕರೆದರೂ ಬಿಟ್ಟು ಓಡಬೇಡಿ. ಕೌಂಟರಿನಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದು ಬರೆದ ಮಾತ್ರೆ ಕೊಡುವಾಗ ‘ಕುಟ್ಟಬೇಡಿ, ಅಗಿಯಬೇಡಿ, ಮಾತ್ರೆಯ ಹಾಗೆ ಏನಾದರೂ ಹೊರಬಂದರೆ ಹೆದರಿ ನಿಲ್ಲಿಸಬೇಡಿ’ ಎಂದು ಕನ್ನಡದಲ್ಲಿ, ಎದುರಿಗಿರುವವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಹಿಂದೆ ಸಾಲು ಉದ್ದವಿದ್ದರೂ ಹೇಳಿ.

ಮತ್ತು ಕಾರ್ಖಾನೆಗೆ ಹೋಗುವವರು, ಮೊದಲ ದಿನವೇ ಗ್ರಾನ್ಯುಲೇಶನ್ ಕೊಠಡಿಗೆ ಹೋಗಿ, ಏಣಿ ತರಿಸಿಕೊಂಡು, ಮೇಲಿನ ತೊಲೆಯ ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಅದು ಯಾವ ಪುಡಿ ಎಂದು ಅಲ್ಲಿರುವ ಎಲ್ಲರನ್ನೂ ಕರೆದು ಹೇಳಿ, ಅಂದೇ ಒರೆಸಿಸಿ.

ಇಂತು,
ನಿಮ್ಮ ವೃತ್ತಿಯ ಒಬ್ಬ ಹಿರಿಯ